ಮೈಸೂರಿನಲ್ಲಿ ಮನೆ ನೋಡಿದ ಮೂರು ದಿನ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಅಂತ ಹಿರಿಯರು ಹೇಳಿದ್ದಾರೆ. ಬಾಡಿಗೆ ಮನೆಯವರ ಪಾಡು ಅವರಿಗೆ ಗೊತ್ತಿದ್ದಿದ್ದರೆ "ಊರು ಬಿಟ್ಟು ನೋಡು" ಅಂತ ಮೂರನೆಯದೊಂದನ್ನೂ ಸೇರಿಸುತ್ತಿದ್ದರೋ ಏನೋ! ಬೆಂಗಳೂರಿನ ಶ್ರೀನಗರದಲ್ಲಿ ನಾವು ಸಂಸಾರ ಹೂಡಿ ಹದಿನಾರು ವರ್ಷವಾಯಿತು. ಈಗ ಮನೆಯ ಮಾಲೀಕರು ಬಾಡಿಗೆಯನ್ನು 24,000 ರೂಪಾಯಿಗೆ ಏರಿಸಿದ್ದಾರೆ. ಅದೇ ಹೊತ್ತಿಗೆ ನಮ್ಮವರ ಕಂಪನಿಯಲ್ಲಿ, ಇಷ್ಟವಿದ್ದವರು ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಗೆ ವರ್ಗ ಮಾಡಿಸಿಕೊಳ್ಳಬಹುದು ಅಂತ ಸುತ್ತೋಲೆ ಬಂತು. ಸಂಬಳ ಅಷ್ಟೇ, ಆದರೆ ಬೆಂಗಳೂರಿಗೆಂದು ಕೊಡುತ್ತಿದ್ದ 3,000 ರೂಪಾಯಿ ಭತ್ಯೆ ನಿಂತುಹೋಗುತ್ತದೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

"ನೋಡೇ, ಬಾಡಿಗೆ ಒಂದರಲ್ಲೇ ತಿಂಗಳಿಗೆ ಹತ್ತು ಹದಿನಾಲ್ಕು ಸಾವಿರ ಉಳಿಯತ್ತೆ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?" ಅಂದರು ಇವರು.

"ಮೊದಲು ಮನೆ ನೋಡ್ಕೊಂಡು ಬರೋಣ ರೀ, ಆಮೇಲೆ ಲೆಕ್ಕ" ಅಂದೆ ನಾನು.

ಅತ್ತೆಯವರು ಮಾತ್ರ ಜಪಮಣಿ ಕೆಳಗಿಡದೆಯೇ ತಮ್ಮ ತೀರ್ಪು ಕೊಟ್ಟರು. "ಔಷಧಿ ಅಂಗಡಿ, ಒಂದು ದೇವಸ್ಥಾನ, ಮಾತಾಡೋಕೆ ನಾಲ್ಕು ಜನ. ಈ ಮೂರೂ ನನ್ನ ಮಂಡಿ ನಡೆಯೋವಷ್ಟು ದೂರದಲ್ಲಿ ಇರಬೇಕು ಕಣಮ್ಮ. ಉಳಿದಿದ್ದು ನೀವು ನೋಡ್ಕೊಳ್ಳಿ." ಎರಡನೇ ಪಿ.ಯು.ಸಿ. ಓದುತ್ತಿರುವ ಮಗಳನ್ನು ಅಜ್ಜಿಯ ಜೊತೆ ಬಿಟ್ಟು ನಾವಿಬ್ಬರೂ ಹೊರಟೆವು.

ಹೋದದ್ದು ಸರ್ಕಾರಿ ಕೆಂಪು ಬಸ್ಸಿನಲ್ಲಿ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಈ ಬಸ್ಸುಗಳಲ್ಲಿ ಟಿಕೆಟ್ ಉಚಿತವಲ್ಲವೇ? ಇವರು ದುಡ್ಡು ಎಣಿಸಿ ಕೊಟ್ಟರು, ನಾನು ಆಧಾರ್ ಕಾರ್ಡ್ ತೋರಿಸಿ ಗತ್ತಿನಿಂದ ಕಿಟಕಿ ಪಕ್ಕ ಕೂತೆ. ಅದೇ ವರ್ಷ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಸುಮಾರು 118 ಕಿಲೋಮೀಟರಿನ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗೆ ಹೋಗದೆ ಹೊರಗಿನಿಂದಲೇ ಸಾಗುತ್ತದೆ. ನಮ್ಮ ಬಸ್ಸು ಹಳೇ ದಾರಿಯಲ್ಲಿ ಊರೂರು ನಿಲ್ಲುತ್ತಾ ಹೋಯಿತು. ತಡವಾದರೇನು, ಮದ್ದೂರಿನಲ್ಲಿ ಬಿಸಿ ವಡೆ ಸಿಕ್ಕಿತು!

ಮೈಸೂರಿನಲ್ಲಿ ಉಳಿದದ್ದು ಸರಸ್ವತಿಪುರಂನ ಚಿಕ್ಕತ್ತೆಯವರ ಮನೆಯಲ್ಲಿ. ಬೆಳಿಗ್ಗೆ ಎದ್ದು ಹೊರಗೆ ಬಂದರೆ ರಸ್ತೆ ಅಗಲ, ಮರದ ನೆರಳು. ಪ್ಲೇಗಿನ ಹಾವಳಿ ಆದಮೇಲೆ, 1903ರಲ್ಲಿ, ಈ ಊರಿನಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಮಾಡಿದ್ದರಂತೆ. ಗಾಳಿ ಬೆಳಕು ನೋಡಿ ಬಡಾವಣೆ ಹಾಕಿದ ಗುಣ ಹಳೇ ಬೀದಿಗಳಲ್ಲಿ ಇನ್ನೂ ಕಾಣುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೊದಲ ಸ್ಥಾನ ಬಂದದ್ದು ಮೈಸೂರಿಗೇ. ನೀರಿನ ಮಾತಂತೂ ಕೇಳಲೇಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಕಾದು ಕೂತದ್ದು ನೆನೆಸಿಕೊಂಡರೆ ಈಗಲೂ ಎದೆ ಹಾರುತ್ತದೆ. ಬೆಂಗಳೂರಿಗೆ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರಿನಿಂದ ಪಂಪು ಮಾಡಿ ಎತ್ತರಕ್ಕೆ ತರಬೇಕು. ಮೈಸೂರಿಗೆ ಅವಳು ನೆರೆಮನೆಯವಳಿದ್ದ ಹಾಗೆ.

ಇಷ್ಟೆಲ್ಲಾ ಇದ್ದಮೇಲೆ ನಮ್ಮವರ ಮಾತೇ ಸರಿ ಅನ್ನಿಸಿತು. ಆದರೆ ಊರು ಚೆನ್ನಾಗಿದ್ದ ಮಾತ್ರಕ್ಕೆ ಊರಿನ ಎಲ್ಲ ಮನೆಗಳೂ ಒಂದೇ ಅಲ್ಲವಲ್ಲ!

ಮೊದಲ ದಿನ ಬೋಗಾದಿ ದಾಟಿ, ಹೊರವರ್ತುಲ ರಸ್ತೆಯಾಚೆಯ ಒಂದು ಹೊಸ ಬಡಾವಣೆಗೆ ಹೋದೆವು. ಹೊಸ ಮನೆ, ಎರಡು ಕೋಣೆ, ಹೊಳೆಯುವ ನೆಲ, ಅಡುಗೆಮನೆಯಲ್ಲಿ ಕಪಾಟಿನ ಸಾಲು. ಬಾಡಿಗೆ ಬರೀ 10,000. ಇವರ ಕಾರ್ಖಾನೆಗೆ ಸ್ಕೂಟರಿನಲ್ಲಿ ಸಲೀಸು ದಾರಿ. ಇವರ ಮುಖ ಅರಳಿತು. ನಾನು ಹೊರಗೆ ಬಂದು ಸುತ್ತ ನೋಡಿದೆ. ಅಕ್ಕಪಕ್ಕ ಖಾಲಿ ನಿವೇಶನ. ನೀರು ಬೋರ್‌ವೆಲ್ಲಿನದು, ಬೇಸಿಗೆಯಲ್ಲಿ "ಒಂದೊಂದು ಸಲ" ಟ್ಯಾಂಕರ್ ತರಿಸಬೇಕು ಅಂತ ಮನೆಯವರೇ ಹೇಳಿದರು. ಕೊತ್ತಂಬರಿ ಸೊಪ್ಪು ಬೇಕಾದರೆ ಒಂದು ಕಿಲೋಮೀಟರು ನಡೆಯಬೇಕು. ಬಸ್ಸಿಗೆ ಕಾದೆವು. ಟಿಕೆಟ್ ಉಚಿತವೇನೋ ಸರಿ, ಆದರೆ ಬಸ್ಸು ಬರಬೇಕಲ್ಲ? ಮುಕ್ಕಾಲು ಗಂಟೆಯಾದ ಮೇಲೆ ಬಂತು.

ಎರಡನೇ ದಿನ ಕುವೆಂಪುನಗರದ ಮನೆಗಳು. ಚೆನ್ನಾಗಿದ್ದವು, ಆದರೆ ನಮ್ಮ ಕೈಗೆಟಕುವುದೆಲ್ಲಾ ಎರಡನೇ ಮಹಡಿಯಲ್ಲಿ. ಅತ್ತೆಯವರ ಮಂಡಿಗೆ ಆಗದ ಮಾತು.

ಮೂರನೇ ದಿನ ಕೃಷ್ಣಮೂರ್ತಿಪುರಂ. ಹಳೇ ಮನೆಯ ಕೆಳಭಾಗ, ಕೆಂಪು ಗಾರೆ ನೆಲ, ಸಣ್ಣ ಅಡುಗೆಮನೆ, ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ. ಬಾಡಿಗೆ 14,000. ಇವರು ಮುಖ ಕಿವುಚಿದರು. ಕಾರ್ಖಾನೆ ಊರಿನ ಇನ್ನೊಂದು ತುದಿಯಲ್ಲಿದೆ. ಮನೆಯ ಯಜಮಾನಿ ಮಾತ್ರ ನನ್ನನ್ನು ಒಳಗೆ ಕರೆದು, "ಬೆಳಿಗ್ಗೆ ಕಾವೇರಿ ನೀರು ಬರುತ್ತಮ್ಮ, ದೇವಸ್ಥಾನ ಇಲ್ಲೇ ತಿರುವಿನಲ್ಲಿ. ತರಕಾರಿಗೆ ಅಗ್ರಹಾರದ ವಾಣಿವಿಲಾಸ ಮಾರುಕಟ್ಟೆಗೆ ನಡ್ಕೊಂಡೇ ಹೋಗ್ತೀವಿ" ಅಂದರು. ಔಷಧಿ ಅಂಗಡಿಯನ್ನು ನಾನೇ ಹೆಜ್ಜೆ ಎಣಿಸಿ ನೋಡಿ ಬಂದೆ!

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಾನು ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹೊಲಿದು, ಸೆರಗಿಗೆ ಕುಚ್ಚು ಕಟ್ಟಿ ತಿಂಗಳಿಗೆ 6,000 ರೂಪಾಯಿಯಷ್ಟು ಸಂಪಾದಿಸುತ್ತೇನೆ. ಗಿರಾಕಿಗಳೆಲ್ಲಾ ಅಕ್ಕಪಕ್ಕದ ಬೀದಿಯವರು, ಬಾಯಿಂದ ಬಾಯಿಗೆ ಹರಡಿ ಹದಿನಾರು ವರ್ಷದಲ್ಲಿ ಸೇರಿದವರು. ಊರು ಬಿಟ್ಟರೆ ಅವರನ್ನು ಲಾರಿಯಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಇವರ ಲೆಕ್ಕದಲ್ಲಿ ಈ 6,000 ಎಲ್ಲೂ ಇರಲಿಲ್ಲ.

ಅದಕ್ಕೇ ಅಂದು ಮಧ್ಯಾಹ್ನ ದೇವರಾಜ ಮಾರುಕಟ್ಟೆಗೂ ಅದರ ಸುತ್ತಲಿನ ಸೀರೆ ಅಂಗಡಿಗಳಿಗೂ ಒಂದು ಸುತ್ತು ಹಾಕಿದೆ. 2016ರಲ್ಲಿ ಒಂದು ಭಾಗ ಕುಸಿದರೂ ಮಾರುಕಟ್ಟೆಯ ಕಳೆ ಕುಂದಿಲ್ಲ. ಮೈಸೂರು ಮಲ್ಲಿಗೆ, ಚಿಗುರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಈರನಗೆರೆ ಬದನೆಕಾಯಿ! ಆ ಬದನೆಕಾಯಿಗೆ ವಾಂಗಿಭಾತಿನ ಪುಡಿ ಬಿದ್ದರೆ ಏನು ರುಚಿ ಅಂತ ನಿಮಗೆ ಹೇಳಬೇಕಾಗಿಲ್ಲ. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದ ಊರು ಇದು, ಸೀರೆಯ ಮೋಹಕ್ಕೆ ಕೊರತೆಯೇ? ಚೀಲದಲ್ಲಿದ್ದ ಕುಚ್ಚಿನ ಮಾದರಿಗಳನ್ನು ನಾಲ್ಕು ಅಂಗಡಿಯಲ್ಲಿ ತೋರಿಸಿದೆ. ಇಬ್ಬರು ಬೇಡವೆಂದರು. ಒಬ್ಬರು "ಆಮೇಲೆ ಬನ್ನಿ" ಅಂದರು. ನಾಲ್ಕನೆಯವರು ತಿರುಗಿಸಿ ಮುರುಗಿಸಿ ನೋಡಿ, "ಹತ್ತಿರದಲ್ಲೇ ಇದ್ದರೆ ಹೇಳಿ ಅಮ್ಮ, ಮದುವೆ ಕಾಲದಲ್ಲಿ ಸಂಜೆ ಕೊಟ್ಟರೆ ಬೆಳಿಗ್ಗೆ ಬೇಕು ಅಂತಾರೆ" ಅಂದರು. ಹತ್ತಿರದಲ್ಲಿದ್ದರೆ! ಆ ಒಂದು ಮಾತು ನನಗೆ ಸಾಕಾಯಿತು.

ರಾತ್ರಿ ಊಟವಾದ ಮೇಲೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ಇವರಿಗೆ ತೋರಿಸಿದೆ. ಹೊರಗಿನ ಹೊಸ ಮನೆಯಲ್ಲಿ ಬಾಡಿಗೆಯ ಉಳಿತಾಯ 14,000. ಅದರಲ್ಲಿ ನಿಂತುಹೋಗುವ ಭತ್ಯೆ 3,000, ನನ್ನ ಸಂಪಾದನೆ 6,000 ಕಳೆಯಿರಿ. ಮಗಳು ಕಾಲೇಜಿಗೆ ಹೋಗಲು ಇನ್ನೊಂದು ಸ್ಕೂಟರ್ ಬೇಕು, ಅದರ ಕಂತು, ಪೆಟ್ರೋಲು ಸೇರಿ 4,500. ಉಳಿದದ್ದು 500 ರೂಪಾಯಿ. ಒಂದು ಟ್ಯಾಂಕರ್ ನೀರು ತರಿಸಿದರೆ ಅದೂ ಹೋಯಿತು. ಕೃಷ್ಣಮೂರ್ತಿಪುರಂನಲ್ಲಿ ಉಳಿತಾಯ 10,000. ಭತ್ಯೆ, ನನ್ನ ಸಂಪಾದನೆ ಎರಡನ್ನೂ ಕಳೆದರೆ ಮೊದಮೊದಲು ಕೈಯಲ್ಲಿ 1,000. ಇವರ ಸ್ಕೂಟರಿಗೆ ಪೆಟ್ರೋಲು ಇನ್ನೂರು ಮುನ್ನೂರು ಹೆಚ್ಚು ಬೀಳಬಹುದು, ಬೀಳಲಿ. ಕುಚ್ಚಿನ ಕೆಲಸ ಕೈಹಿಡಿದರೆ ಅದು ಹತ್ತಿರ ಹತ್ತಿರ 7,000 ಆಗುತ್ತದೆ. ಹೊರಗಿನ ಮನೆಯಲ್ಲಿ ಅದು ಎಂದಿಗೂ ಕೈಹಿಡಿಯುವುದಿಲ್ಲ.

ಇವರು ಎರಡು ಸಲ ಕೂಡಿ ಕಳೆದು ನೋಡಿದರು. "ಅಲ್ಲಾ, ನಾನು ದಿನಾ ಅಷ್ಟು ದೂರ ಹೋಗಿ ಬರಬೇಕಲ್ಲೇ?" ಅಂದರು.

"ಈಗ ಬೆಂಗಳೂರಿನಲ್ಲಿ ಒಂದೂವರೆ ಗಂಟೆ ಹೋಗ್ತಿಲ್ಲವೇನ್ರೀ? ಇಲ್ಲಿ ಅರ್ಧ ಗಂಟೆ. ಆ ಮನೆಯಲ್ಲಿ ನೀವು ಹತ್ತು ನಿಮಿಷದಲ್ಲಿ ಹೋಗ್ತೀರಿ, ನಾವು ಮೂರು ಹೆಂಗಸರು ಇಡೀ ದಿನ ಬಸ್ಸು ಕಾಯ್ತೀವಿ."

ಅವರು ಮಾತಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ತಾವೇ ಹೋಗಿ ಆ ಯಜಮಾನಿಗೆ ಸ್ವಲ್ಪ ಮುಂಗಡ ಕೊಟ್ಟು ಬಂದರು.

ಬಿಟ್ಟುಹೋಗುವುದಕ್ಕೆ ಬೇಸರವಿಲ್ಲವೇ ಅಂದರೆ, ಇದೆ. ಪಕ್ಕದ ಮನೆಯವರ ಹತ್ತಿರ ಬೀಗದ ಕೈ ಕೊಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದ ಹದಿನಾರು ವರ್ಷದ ಸಲುಗೆಗೆ ಯಾವ ಊರಿನಲ್ಲೂ ಬಾಡಿಗೆ ಕಟ್ಟಲಾಗುವುದಿಲ್ಲ. ನಾಳೆ ದೊಡ್ಡ ಕಾಯಿಲೆ ಏನಾದರೂ ಬಂದರೆ ಎಂಬ ಅಳುಕೂ ಇತ್ತು. ಹೃದಯಕ್ಕೆ ಜಯದೇವ ಆಸ್ಪತ್ರೆ ಮೈಸೂರಿನಲ್ಲೂ ಇದೆ. ಕಿದ್ವಾಯಿ, ನಿಮ್ಹಾನ್ಸ್‌ಗೆ ಬೇಕಾದರೆ ಬೆಂಗಳೂರಿಗೇ ಬರಬೇಕು. ಅದನ್ನೂ ತಿಳಿದೇ ಒಪ್ಪಿದ್ದೇವೆ.

ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದರೆ, ಸೋದರಿಯರೇ, ಬಾಡಿಗೆಯ ಅಂಕಿ ಒಂದನ್ನೇ ನೋಡಿ ಹೂಂ ಅನ್ನಬೇಡಿ. ಆ ಊರಿಗೆ ಹೋಗಿ, ಮನೆಯಿಂದ ತರಕಾರಿ ಅಂಗಡಿಗೆ, ಬಸ್ ನಿಲ್ದಾಣಕ್ಕೆ ನೀವೇ ನಡೆದು ನೋಡಿ. ನೀರು ಎಲ್ಲಿಯದು ಅಂತ ಮಾಲೀಕರನ್ನು ಬಿಟ್ಟು ಪಕ್ಕದ ಮನೆಯವರನ್ನು ಕೇಳಿ. ನಿಮ್ಮ ಹಪ್ಪಳ, ಹೊಲಿಗೆ, ಮನೆಪಾಠದ ದುಡ್ಡನ್ನು ಲೆಕ್ಕಕ್ಕೆ ಸೇರಿಸಿ, ಎಷ್ಟೇ ಸಣ್ಣದಿರಲಿ.

ಮಗಳ ಪರೀಕ್ಷೆ ಮುಗಿದ ಮೇಲೆ ನಮ್ಮ ಸಾಮಾನು ಲಾರಿ ಏರುತ್ತದೆ. ಅಷ್ಟರೊಳಗೆ ಅಗ್ರಹಾರದ ಆಸುಪಾಸಿನಲ್ಲಿ ಯಾರಿಗಾದರೂ ಸೀರೆಗೆ ಕುಚ್ಚು ಕಟ್ಟಿಸುವುದಿದ್ದರೆ ದಯವಿಟ್ಟು ಸ್ವಲ್ಪ ತಡೆದುಕೊಳ್ಳಿ, ಬರುತ್ತಿದ್ದೇನೆ!