ಕೈ ಮರೆಯದ ಜಾಗ

ಕರೆಂಟು ಹೋಗಿ ಅರ್ಧ ಗಂಟೆಯಾಗಿರುತ್ತದೆ. ಮನೆಯವರೆಲ್ಲ ಅದನ್ನೇ ಮಾತಾಡಿಕೊಂಡು ಜಗಲಿಯಲ್ಲಿ ಕೂತಿರುತ್ತಾರೆ. ಅವರಲ್ಲೊಬ್ಬರು ಟಾರ್ಚು ತರಲೆಂದು ಎದ್ದು ಒಳಕೋಣೆಗೆ ಹೋಗುತ್ತಾರೆ. ಹೊಸ್ತಿಲು ದಾಟಿದ್ದೇ ತಡ, ಅವರ ಕೈ ಗೋಡೆಯ ಸ್ವಿಚ್ಚನ್ನು ಒತ್ತಿರುತ್ತದೆ! ಕರೆಂಟಿಲ್ಲವೆಂದೇ ಟಾರ್ಚು ಹುಡುಕಿ ಹೊರಟವರು ಅವರು. ತಲೆಗೆ ಅದು ಚೆನ್ನಾಗಿ ಗೊತ್ತು. ಆದರೆ ಕೈ ಕೇಳಿದ್ದು ಹೊಸ್ತಿಲಿನ ಮಾತನ್ನು.

ಬುದ್ಧಿ ಹೇಳಿ ಚಟ ಬಿಡಿಸಲು ಹೊರಡುವವರೆಲ್ಲ ಇದನ್ನೊಮ್ಮೆ ಗಮನಿಸಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಗೊತ್ತಿದ್ದೂ ಮಾಡುವವನನ್ನು ನಾವು ಹಟಮಾರಿ ಎನ್ನುತ್ತೇವೆ, ಮನಸ್ಸು ಗಟ್ಟಿಯಿಲ್ಲದವನು ಎನ್ನುತ್ತೇವೆ. ಸ್ವಿಚ್ಚು ಒತ್ತಿದವರನ್ನು ಯಾರೂ ಹಾಗೆ ಬೈಯುವುದಿಲ್ಲ.

ಹೀಗೆ ತಲೆಯನ್ನು ಕೇಳದೆ ಕೈ ಕೆಲಸ ಮಾಡುವುದು ಒಂದು ವರವೂ ಹೌದು. ಮಲೆನಾಡಿನಲ್ಲಿ ಅಡಿಕೆ ಕೊಯ್ಲಿನ ಹಂಗಾಮಿನಲ್ಲಿ ರಾತ್ರಿ ಸುಲಿಯಲು ಕೂತ ಹೆಂಗಸರನ್ನು ನೋಡಬೇಕು. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕಾಯನ್ನು ಅಲಗಿಗೆ ಕೊಟ್ಟು ತಿರುಗಿಸಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಬಾಯಲ್ಲಿ ಯಾರದೋ ಮಗಳ ಬಾಣಂತನದ ಸುದ್ದಿ, ಕಣ್ಣು ಎದುರಿನವಳ ಮುಖದ ಮೇಲೆ. ಹರಿತವಾದ ಅಲಗಿಗೂ ಹೆಬ್ಬೆರಳಿಗೂ ನಡುವೆ ಕೂದಲೆಳೆಯಷ್ಟು ಜಾಗವಿದ್ದರೂ ಬೆರಳಿಗೆ ಗೀರು ಬೀಳುವುದಿಲ್ಲ. ಹೊಸದಾಗಿ ಸೇರಿದ ಹುಡುಗಿ ಮಾತ್ರ ಮಾತಾಡಲಾರಳು. ಅವಳಿಗೆ ಒಂದೊಂದು ಕಾಯಿಯೂ ಒಂದೊಂದು ಲೆಕ್ಕ. ಮುಂದಿನ ಹಂಗಾಮಿನ ಹೊತ್ತಿಗೆ ಅವಳೂ ಮಾತಿಗೆ ಸೇರಿಕೊಳ್ಳುತ್ತಾಳೆ.

ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಇದರಲ್ಲಿ ದೊಡ್ಡ ಪಾತ್ರವಿದೆ. ಅಮೆರಿಕದ ಎಂಐಟಿಯಲ್ಲಿ ಆ್ಯನ್ ಗ್ರೇಬಿಯಲ್ ಇಲಿಗಳನ್ನು ಕವಲುದಾರಿಯಲ್ಲಿ ಓಡಿಸಿ ಈ ಭಾಗದ ನರಕೋಶಗಳನ್ನು ಗಮನಿಸಿದರು. ಹೊಸದರಲ್ಲಿ ಓಟದ ಉದ್ದಕ್ಕೂ ಚುರುಕಾಗಿದ್ದ ಕೋಶಗಳು, ದಾರಿ ರೂಢಿಯಾದ ಮೇಲೆ ಹೊರಡುವಾಗ ಒಮ್ಮೆ, ತಲುಪುವಾಗ ಒಮ್ಮೆ ಮಾತ್ರ ಎದ್ದು ಕಂಡವು. ನಡುವಿನದೆಲ್ಲ ಒಂದೇ ಕಟ್ಟಾಗಿತ್ತು. ಹೊರಡುವ ಸೂಚನೆಯೊಂದು ಸಿಕ್ಕರೆ ಉಳಿದದ್ದು ತಾನಾಗಿ ನಡೆಯುತ್ತದೆ. ಹಾಗಾದರೆ ಆ ಸೂಚನೆ ಕೊಡುವವರು ಯಾರು? ನನಗೆ ಮುಖ್ಯವೆನ್ನಿಸುವ ಪ್ರಶ್ನೆ ಇದು.

ವೆಂಡಿ ವುಡ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದಕ್ಕೆ ಸೊಗಸಾದ ಉತ್ತರ ಕೊಡುತ್ತದೆ. ಸಿನಿಮಾ ನೋಡಲು ಬಂದವರಿಗೆ ಅವರು ಪಾಪ್‌ಕಾರ್ನ್ ಹಂಚಿದರು. ಕೆಲವರಿಗೆ ಆಗತಾನೇ ಹುರಿದದ್ದು, ಕೆಲವರಿಗೆ ವಾರದ ಹಿಂದಿನದು. ಸಿನಿಮಾದಲ್ಲಿ ಪಾಪ್‌ಕಾರ್ನ್ ತಿಂದು ರೂಢಿಯಿದ್ದವರು ಹಳಸಲನ್ನೂ ತಾಜಾದಷ್ಟೇ ತಿಂದರು. ರುಚಿ ಚೆನ್ನಾಗಿಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ತಿಂದರು. ಇಂಥ ರೂಢಿಯವರನ್ನೇ ಮೀಟಿಂಗ್ ಕೋಣೆಯೊಂದರಲ್ಲಿ ಕೂರಿಸಿ ಹಾಡಿನ ವಿಡಿಯೊ ತೋರಿಸಿದಾಗ ಹಳಸಲನ್ನು ಅಷ್ಟಾಗಿ ಮುಟ್ಟಲಿಲ್ಲ. ಇನ್ನೊಮ್ಮೆ ಸಿನಿಮಾ ಮಂದಿರದಲ್ಲೇ, ಬಳಕೆಯಿಲ್ಲದ ಕೈಯಿಂದ ತಿನ್ನಿ ಎಂದರು. ಬಲಗೈಯವರು ಎಡಗೈಯಿಂದ ತಿನ್ನತೊಡಗಿದ ಕೂಡಲೇ ಹಳಸಲು ಹಳಸಲೆನ್ನಿಸಿತು, ತಿನ್ನುವುದು ಕಡಿಮೆಯಾಯಿತು. ಯಾರೂ ಅವರಿಗೆ ಉಪದೇಶ ಮಾಡಿರಲಿಲ್ಲ. ಬದಲಾದದ್ದು ಕೋಣೆ, ಬದಲಾದದ್ದು ಕೈ, ಅಷ್ಟೇ.

ಶಿರಸಿ ಕಡೆಯ ನಮ್ಮ ದೊಡ್ಡಪ್ಪನದು ಕವಳದ ಅಭ್ಯಾಸ. ಊಟವಾಗಿ ಕೈತೊಳೆದು ಜಗಲಿಯ ಕಂಬಕ್ಕೆ ಒರಗಿದರೆ ಸಂಚಿ ಬಿಚ್ಚಬೇಕು. ಎಲೆಯ ತೊಟ್ಟು ಚಿವುಟಿ, ಬೆನ್ನಿಗೆ ಸುಣ್ಣ ಸವರಿ, ಅಡಿಕೆಹೋಳು ಇಟ್ಟು, ಮೇಲೆ ಚಿಟಿಕೆ ಹೊಗೆಸೊಪ್ಪು. ಅದು ಬಾಯಿಗೆ ಬಿದ್ದ ಮೇಲೇ ಅವರ ಊಟ ಮುಗಿದಂತೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡ ವೈದ್ಯರು ಹೊಗೆಸೊಪ್ಪಷ್ಟೇ ಅಲ್ಲ, ಅಡಿಕೆಯನ್ನೂ ಬಿಡಬೇಕು ಎಂದರು. ಅಡಿಕೆಯೇ ಅನ್ನ ಹಾಕಿದ ಮನೆಯಲ್ಲಿ ಈ ಮಾತು ಕೇಳುವುದು ಸುಲಭವಲ್ಲ. ಆದರೆ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿಯಾಗಿದೆ. ದೊಡ್ಡಪ್ಪ ಹೆದರಿದರು, ಆಣೆ ಮಾಡಿದರು, ಸಂಚಿಯನ್ನು ತೋಟಕ್ಕೆ ಎಸೆದರು. ರಾತ್ರಿ ಊಟವಾದ ಮೇಲೆ ಲಾಟೀನು ಹಿಡಿದು ಹೋಗಿ ಹೆಕ್ಕಿ ತಂದರು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ನೆಂಟರು ತೀರ್ಮಾನಿಸಿಬಿಟ್ಟರು.

ದೊಡ್ಡಮ್ಮ ಹಾಗೆನ್ನಲಿಲ್ಲ. ಊಟವಾಗುತ್ತಿದ್ದಂತೆ, ಅವರು ಕಂಬ ಸೇರುವ ಮೊದಲೇ, ‘ಬನ್ನಿ, ದನಕ್ಕೆ ಹುಲ್ಲು ಹಾಕಿ ಬರುವ’ ಎಂದು ಕೊಟ್ಟಿಗೆಗೆ ಕರೆದೊಯ್ಯುತ್ತಿದ್ದಳು. ಸಂಚಿಯನ್ನು ಬಚ್ಚಿಡಲಿಲ್ಲ. ಅದನ್ನು ತೊಳೆದು ಒಣಗಿಸಿ ಅದರಲ್ಲೇ ಲವಂಗ, ಏಲಕ್ಕಿ, ಒಣಗಿಸಿದ ನೆಲ್ಲಿಕಾಯಿ ಚೂರು ತುಂಬಿಸಿಟ್ಟಳು. ಬೆರಳಿಗೆ ಬಿಚ್ಚಲು ಲಾಡಿ ಬೇಕಿತ್ತು, ತಡಕಲು ಚೀಲ ಬೇಕಿತ್ತು, ಅವೆರಡೂ ಸಿಕ್ಕವು. ಬಾಯಿಗೆ ಹೋದದ್ದು ಬೇರೆ. ನೆಂಟರು ಬಂದ ದಿನ ಅವರೊಟ್ಟಿಗೆ ದೊಡ್ಡಪ್ಪ ಒಂದು ಕವಳ ಹಾಕಿದರೆ ದೊಡ್ಡಮ್ಮ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಮರುದಿನ ಮತ್ತೆ ಅದೇ ಕೊಟ್ಟಿಗೆ, ಅದೇ ನೆಲ್ಲಿಚೂರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕಂಬಕ್ಕೆ ಒರಗಿ ಕೂತರೂ ಕವಳ ಕೇಳುತ್ತಿರಲಿಲ್ಲ.

ದೊಡ್ಡಮ್ಮ ಸುಮ್ಮನಿದ್ದದ್ದು ಎಷ್ಟು ಸರಿಯೆಂದು ನನಗೆ ಆಮೇಲೆ ತಿಳಿಯಿತು. ಇಪ್ಪತ್ತೊಂದು ದಿನದಲ್ಲಿ ಯಾವ ಅಭ್ಯಾಸವೂ ಕೂರುತ್ತದೆ ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ಅದರ ಬೇರು ಹುಡುಕಿದರೆ ಸಿಗುವುದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ಹೊಸ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಅವರು ಕಂಡಿದ್ದರು. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಅಧ್ಯಯನ ಮಾಡಿ ನೋಡಿದಾಗ ಬಂದ ಲೆಕ್ಕ ಸರಾಸರಿ 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾದೀತು ಎಂಬ ಅಂದಾಜು. ಅದರಲ್ಲಿ ನನಗೆ ಹಿಡಿಸಿದ್ದು ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದರೆ ಅಷ್ಟೇನೂ ನಷ್ಟವಿಲ್ಲ. ತಪ್ಪಿದ ದಿನ ಕೂಗಾಡಿ, ‘ಇವನ ಹಣೆಬರಹವೇ ಇಷ್ಟು’ ಎಂದು ಕೈಬಿಡುವುದರಿಂದಲೇ ಎಷ್ಟೋ ಜನ ಮತ್ತೆ ಜಾರಿಬಿದ್ದಿರಬೇಕು.

ಜಾಗದ ಬಲ ಎಷ್ಟೆಂದು ಅಮೆರಿಕ ಬಹಳ ಹಿಂದೆಯೇ ಕಂಡಿತ್ತು. 1971ರಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ಲೀ ರಾಬಿನ್ಸ್ ವಿಚಾರಿಸಿದರು. ಹತ್ತಿರಹತ್ತಿರ ಐದರಲ್ಲೊಬ್ಬ ಅಲ್ಲಿ ಹೆರಾಯಿನ್‌ನಂಥ ಮಾದಕಗಳಿಗೆ ಅಂಟಿಕೊಂಡಿದ್ದ. ಹಾಗೆ ಅಂಟಿಕೊಂಡವರಲ್ಲಿ ಊರಿಗೆ ಬಂದ ಮೊದಲ ವರ್ಷ ಮತ್ತೆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಕಾಡು, ಬಂದೂಕು, ಜೊತೆಗಾರರು, ಅಗ್ಗದ ಮಾಲು, ಎಲ್ಲವೂ ಹಿಂದೆ ಉಳಿದಿದ್ದವು.

ನಮ್ಮ ಹಳ್ಳಿಗಳ ಕುಡುಕನಿಗೆ ಆ ಭಾಗ್ಯವಿಲ್ಲ. ಅವನು ಚಟ ಹತ್ತಿದ ಊರಿನಲ್ಲೇ ಚಟ ಬಿಡಬೇಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರ ಎಂಟು ದಿನದ್ದು. ಆ ಎಂಟು ದಿನ ಬೇರೆ ಸೂರು, ಬೇರೆ ಊಟದ ಹೊತ್ತು, ಬೇರೆ ಜೊತೆ. ಒಂಬತ್ತನೆಯ ದಿನ ಸಂಜೆ ಕೂಲಿ ಕೈಗೆ ಬಂದಾಗ ಮತ್ತದೇ ತಿರುವು, ಅದೇ ಅಂಗಡಿಯ ದೀಪ. ಶಿಬಿರ ಮುಗಿಸಿದವರನ್ನು ಸೇರಿಸಿ ನವಜೀವನ ಸಮಿತಿ ಎಂದು ಕಟ್ಟಿ, ಮತ್ತೆ ಮತ್ತೆ ಸಭೆ ಕೂಡಿಸುತ್ತಾರಲ್ಲ, ಶಿಬಿರಕ್ಕಿಂತ ಅದೇ ದೊಡ್ಡ ಕೆಲಸವೆಂದು ನಾನು ನಂಬಿದ್ದೇನೆ. ಹಳೆಯ ಜೊತೆ ಕರೆಯುವ ಹೊತ್ತಿಗೆ ಹೊಸ ಜೊತೆಯೊಂದು ಕಾದಿರಬೇಕು.

2016ರಿಂದ ಸಿಗರೇಟು ಪ್ಯಾಕಿನ ಶೇ. 85ರಷ್ಟು ಜಾಗವನ್ನು ಎಚ್ಚರಿಕೆಯ ಚಿತ್ರ-ಬರಹ ತುಂಬಿದೆ. ಅದು ಬೇಕು, ಇರಲಿ. ಆದರೆ ಅದು ಮಾತಾಡುವುದು ತಲೆಯ ಜೊತೆ. ಆಸ್ಪತ್ರೆಯಲ್ಲಿ ‘ದಿನಕ್ಕೆ ಎಷ್ಟು?’ ಎಂದು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ‘ಬಿಟ್ಟುಬಿಡಿ’ ಎನ್ನುತ್ತಾರೆ. ಯಾವ ಹೊತ್ತಿಗೆ, ಎಲ್ಲಿ ನಿಂತು, ಯಾರ ಜೊತೆ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ: ಸಂಜೆ ಆರಕ್ಕೆ, ಆಫೀಸಿನ ಮುಂದಿನ ಗೇಟಿನ ಪಕ್ಕದ ಗೂಡಂಗಡಿ, ಟೀ ಜೊತೆಗೆ, ಇಬ್ಬರು ಗೆಳೆಯರು. ಆ ಇಬ್ಬರಲ್ಲೊಬ್ಬ ಹೆಗಲ ಮೇಲೆ ಕೈಹಾಕಿ ‘ಬಾರೋ, ಇವತ್ತು ಹಿಂದಿನ ಗೇಟಿಂದ ಹೋಗೋಣ’ ಎಂದು ಒಂದೆರಡು ತಿಂಗಳು ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆಯಲು ಒಪ್ಪಬೇಕು.