ಪಂಕ್ತಿಯಲ್ಲಿ ಇನ್ನೊಂದು ಎಲೆ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಪಾಠವಲ್ಲ, ಊಟ. ನಮ್ಮ ಕಾಸರಗೋಡು ಸೀಮೆಯ ಅನೇಕರಂತೆ ಹಡಗಿನಲ್ಲಿ ದುಡಿದ ಹಳೆ ಶಿಷ್ಯನೊಬ್ಬ, ಜಮೈಕಾದ ಕಿಂಗ್‌ಸ್ಟನ್ ಬಂದರಿನಲ್ಲಿ ಅಪರಿಚಿತ ಕ್ರೈಸ್ತ ಕುಟುಂಬವೊಂದು ತನಗಿಕ್ಕಿದ ಭಾನುವಾರದ ಊಟವನ್ನು ಒಮ್ಮೆ ವರ್ಣಿಸಿದ್ದನು. ಅಂದಿನಿಂದ ಆ ನಾಡಿನ ಅಡುಗೆಯ ವಿಚಾರ ಎಲ್ಲಿ ಸಿಕ್ಕಿದರೂ ಓದುತ್ತ ಬಂದಿದ್ದೇನೆ.

ಭಾನುವಾರದ ಆರಾಧನೆ ಮುಗಿದ ಮೇಲೆ ಅಲ್ಲಿ 'ರೈಸ್ ಅಂಡ್ ಪೀಸ್' ಇಲ್ಲದ ಊಟವಿಲ್ಲ. ಹೆಸರಿನಲ್ಲಿ ಬಟಾಣಿ; ಪಾತ್ರೆಯಲ್ಲಿ ಸಾಮಾನ್ಯವಾಗಿ ರಾಜ್ಮಾ. ತೆಂಗಿನ ಹಾಲಿನಲ್ಲಿ ಅದನ್ನೂ ಅಕ್ಕಿಯನ್ನೂ ಬೇಯಿಸಿ, ಬಲು ಖಾರದ ಮೆಣಸನ್ನು ಒಡೆಯದಂತೆ ಇಡಿಯಾಗಿ ಹಾಕುತ್ತಾರೆ; ಪರಿಮಳ ಬಂದೀತು, ಉರಿ ಬಾರದು. ನಮ್ಮ ಜೀಗುಜ್ಜೆಯೂ ಅಲ್ಲುಂಟು. ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಅದರ ಸಸಿಗಳನ್ನು ಕ್ಯಾಪ್ಟನ್ ಬ್ಲೈ 1793ರಲ್ಲಿ ತಾಹಿತಿಯಿಂದ ತಂದನು. ಪಶ್ಚಿಮ ಆಫ್ರಿಕಾದ 'ಎಕೀ' ಹಣ್ಣನ್ನು ಉಪ್ಪುಮೀನಿನೊಡನೆ ಬೇಯಿಸುವರು. ಮರದಲ್ಲಿ ತಾನಾಗಿ ಬಾಯ್ದೆರೆಯದ ಎಕೀ ವಿಷ. 1845ರಿಂದ ಕರಾರು ಕೂಲಿಗಳಾಗಿ ಹೋದ ಭಾರತೀಯರು ಅಲ್ಲಿಯ ಆಡಿನ ಮಾಂಸಕ್ಕೆ ಕರಿ ಮಸಾಲೆಯನ್ನು ಕೂಡಿಸಿದರು.

ಯೋಚಿಸಿ ನೋಡಿ: ಒಡೆಯರು ಅಳೆದು ಕೊಟ್ಟದ್ದನ್ನು ಉಂಡು ಬದುಕಿದವರ ಸಂತತಿಯಿದು. 1838ರಲ್ಲಿ ಪೂರ್ಣ ಬಿಡುಗಡೆ ದೊರೆತ ಕಾಲದಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಗಳು ನೆಲ ಕೊಂಡು ಅವರಿಗಾಗಿ ಸ್ವತಂತ್ರ ಗ್ರಾಮಗಳನ್ನು ನೆಲೆಗೊಳಿಸಿದರು. ಹಸಿವನ್ನು ಬಲ್ಲ ಆ ಜನ ದೇವರಿಗೆ ವಂದಿಸಿ, ಬಂದವನಿಗೂ ತಟ್ಟೆಯಿಟ್ಟು, ಅನಂತರ ಉಣ್ಣುತ್ತಾರೆ. "ಮಾಷ್ಟ್ರೇ, ಅವರು ನನ್ನ ಜಾತಿಯನ್ನೂ ಕೇಳಲಿಲ್ಲ, ಮತವನ್ನೂ ಕೇಳಲಿಲ್ಲ" ಎಂದಿದ್ದನು ಶಿಷ್ಯ.

ಆ ಮಾತು ನನ್ನನ್ನು ತಟ್ಟಿತು. ನಾನು ವಾರಾನ್ನದಿಂದ ಎಸ್.ಎಸ್.ಎಲ್.ಸಿ. ಮುಗಿಸಿದವನು. ಏಳು ದಿನಕ್ಕೆ ಏಳು ಮನೆ. ಆ ಗೃಹಿಣಿಯರ ಋಣ ತೀರುವಂಥದ್ದಲ್ಲ. ಆದರೆ ಪ್ರತಿ ಮನೆಯಲ್ಲಿಯೂ ಮೊದಲು ಕೇಳಿದ್ದು ನನ್ನ ಜಾತಿಯನ್ನು. ಹಸಿವಿನ ಮಾತು ಆಮೇಲೆ. ನನ್ನಷ್ಟೇ ಹಸಿದಿದ್ದ, ನನಗಿಂತ ಜಾಣನಾಗಿದ್ದ ಸಹಪಾಠಿಯೊಬ್ಬನಿಗೆ ಆ ಏಳು ಬಾಗಿಲುಗಳಲ್ಲಿ ಒಂದೂ ತೆರೆಯಲಿಲ್ಲ. ಅವನು ಎಂಟನೆಯ ತರಗತಿಯಲ್ಲಿಯೇ ಶಾಲೆ ಬಿಟ್ಟನು.

ಪ್ರಿಯ ಹಳೆ ವಿದ್ಯಾರ್ಥಿಗಳೇ, ಮಹೋತ್ಸವದ ದಿನ ಸಾಮೂಹಿಕ ಭೋಜನವಿದೆ. ಚಪ್ಪರ ಕಟ್ಟಲು ಉತ್ತರದ ರಾಜ್ಯಗಳಿಂದ ಬಂದ ಕೂಲಿಯಾಳುಗಳು ದುಡಿಯುತ್ತಿದ್ದಾರೆ. ಅವರಿಗೆ ಕನ್ನಡ ಬಾರದು. ಮಿಕ್ಕಿದ್ದನ್ನು ಕಟ್ಟಿಕೊಡುವುದು ಬೇಡ. ಮೊದಲ ಪಂಕ್ತಿಯಲ್ಲಿಯೇ ಅವರಿಗೂ ಎಲೆ ಹಾಕಿರಿ. ಬಡಿಸುವ ಕೈಗಳಲ್ಲಿ ನನ್ನದೂ ಇರಲಿ.