ಎಲ್ಲದಕ್ಕೂ ಹೂಂ ಅನ್ನೋ ಸಾಕ್ಷಿ

ಗೆಳೆಯರೇ, ಇವತ್ತು ಸ್ವಲ್ಪ ಬೇರೆ ವಿಷಯ. ಹೊಟ್ಟೆಪಾಡಿಗೆ ನಾನು ಸಾಫ್ಟ್‌ವೇರ್ ಕೆಲಸ ಮಾಡ್ತೀನಿ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಭಾನುವಾರಗಳಲ್ಲಿ ನಮ್ಮ ಹುಡುಗ ಹುಡುಗಿಯರಿಗೆ ಪೈಥಾನ್ ಹೇಳಿಕೊಡ್ತೀನಿ. ಅಲ್ಲಿ ಪದೇ ಪದೇ ಬರೋ ಪ್ರಶ್ನೆ ಇದು: ಬೇರೆಯವರು ಬರೆದ ಲೈಬ್ರರಿಯ ಫಂಕ್ಷನ್ನನ್ನ ಯೂನಿಟ್ ಟೆಸ್ಟಲ್ಲಿ ಮಾಕ್ ಮಾಡೋದು ಹೇಗೆ? ಇಂಟರ್‌ವ್ಯೂಗಳಲ್ಲೂ ಇದನ್ನ ಕೇಳ್ತಾರೆ. ಐಟಿಯಲ್ಲಿರೋ ಅಣ್ಣನೋ ಅಕ್ಕನೋ ಮನೇಲಿ ಇಲ್ಲದ ಮಕ್ಕಳಿಗೆ ಇಂಥ ಮಾತು ಕಿವಿಗೇ ಬಿದ್ದಿರಲ್ಲ. ಅದಕ್ಕೇ ಬರೀತಿದ್ದೀನಿ.

ನಮ್ಮ ಬಳಗ ರಕ್ತದಾನಿಗಳ ಪಟ್ಟಿ ಇಟ್ಟಿದೆ. ಆಸ್ಪತ್ರೆಯಿಂದ ಯಾರಾದರೂ ಫೋನ್ ಮಾಡಿದರೆ, ಆ ಗುಂಪಿನ ರಕ್ತ ಇರೋರಿಗೆ ಎಸ್ಸೆಮ್ಮೆಸ್ ಹೋಗಬೇಕು. ಹಿಂದಿನ ಸಲ ಕೊಟ್ಟು ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಆಗಿರಬೇಕು. ಈ ಲೆಕ್ಕ ನಮ್ಮ ಕೋಡಿನದು. ಮೆಸೇಜ್ ಕಳಿಸೋದು ಮಾತ್ರ ಹೊರಗಿನ ಒಂದು ಕಂಪನಿ. ಅದರ ಸರ್ವರಿಗೆ ನಾವು ರಿಕ್ವೆಸ್ಟ್ಸ್ ಲೈಬ್ರರಿಯ ಪೋಸ್ಟ್ ಫಂಕ್ಷನ್ ಮೂಲಕ ಹೇಳ್ತೀವಿ.

ಈಗ ಟೆಸ್ಟ್ ಓಡಿಸಿದಾಗೆಲ್ಲ ನಿಜವಾದ ಮೆಸೇಜ್ ಹೋದರೆ? ದುಡ್ಡು ಹೋಗುತ್ತೆ, ಅದು ಬಿಡಿ. ರಾತ್ರಿ ಹನ್ನೊಂದಕ್ಕೆ 'ತುರ್ತಾಗಿ ರಕ್ತ ಬೇಕು' ಅಂತ ಓದಿ ಒಬ್ಬ ಆಟೋ ಡ್ರೈವರ್ ಬಾಡಿಗೆ ಬಿಟ್ಟು ಆಸ್ಪತ್ರೆಗೆ ಓಡ್ತಾನೆ. ಒಂದು ಸಲ ಹಾಗಾದರೆ ಮುಂದಿನ ಸಲ ಅವನು ಬರಲ್ಲ. ಅದಕ್ಕೇ ಟೆಸ್ಟ್ ಹೊತ್ತಲ್ಲಿ ಪೋಸ್ಟ್ ಜಾಗದಲ್ಲಿ ಒಬ್ಬ ವೇಷಧಾರಿಯನ್ನ ನಿಲ್ಲಿಸ್ತೀವಿ. ಅದೇ ಮಾಕ್. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದಕ್ಕೆ ಬೇಕಾದ ಯೂನಿಟ್‌ಟೆಸ್ಟ್.ಮಾಕ್ ಪೈಥಾನ್ ಜೊತೆಯಲ್ಲೇ ಬರುತ್ತೆ.

ಎಲ್ಲರೂ ಎಡವೋ ಕಲ್ಲು ಒಂದಿದೆ. ದಾನಿ ಅನ್ನೋ ಫೈಲಲ್ಲಿ 'ಫ್ರಮ್ ರಿಕ್ವೆಸ್ಟ್ಸ್ ಇಂಪೋರ್ಟ್ ಪೋಸ್ಟ್' ಅಂತ ಬರೆದಿದ್ದರೆ, ಪೋಸ್ಟ್ ಅನ್ನೋ ಹೆಸರು ಆಗಲೇ ದಾನಿ ಫೈಲಿನ ಒಳಗೆ ಬಂದು ಕೂತಿರುತ್ತೆ. ಆಮೇಲೆ ನೀವು 'ರಿಕ್ವೆಸ್ಟ್ಸ್.ಪೋಸ್ಟ್' ಅನ್ನೋದನ್ನ ಪ್ಯಾಚ್ ಮಾಡಿದರೆ ಮೂಲದ ಕಡೆ ಹೆಸರು ಬದಲಾಗುತ್ತೆ, ದಾನಿ ಹತ್ತಿರ ಇರೋದು ಹಳೇದೇ. ಮೆಸೇಜ್ ಹೋಗೇ ಹೋಗುತ್ತೆ. ಪ್ಯಾಚ್ ಮಾಡಬೇಕಾದ್ದು 'ದಾನಿ.ಪೋಸ್ಟ್' ಅನ್ನೋದನ್ನ. ಫಂಕ್ಷನ್ ಹುಟ್ಟಿದ ಊರನ್ನಲ್ಲ, ಅದನ್ನ ಕರೆಯೋ ಮನೆಯನ್ನ ನೋಡಿ. ಬರೀ 'ಇಂಪೋರ್ಟ್ ರಿಕ್ವೆಸ್ಟ್ಸ್' ಅಂತಿದ್ದು, ಕರೆಯುವಾಗ ಪೂರ್ತಿ ಹೆಸರು ಬಳಸಿದ್ದರೆ ಮಾತ್ರ 'ರಿಕ್ವೆಸ್ಟ್ಸ್.ಪೋಸ್ಟ್' ನಡೆಯುತ್ತೆ.

ಮಾಕ್‌ನ ನಿಜವಾದ ಉಪಯೋಗ ಕೆಟ್ಟ ದಿನಗಳನ್ನ ತೋರಿಸೋದರಲ್ಲಿದೆ. ಸೈಡ್ ಎಫೆಕ್ಟಿಗೆ ಒಂದು ಪಟ್ಟಿ ಕೊಡಿ: ಮೊದಲ ಸಲ ಟೈಮ್‌ಔಟ್, ಎರಡನೇ ಸಲ ಸರಿಯಾದ ಉತ್ತರ. ನಮ್ಮ ಕೋಡ್ ಮತ್ತೆ ಪ್ರಯತ್ನ ಮಾಡುತ್ತಾ, ಇಲ್ಲ ಸುಮ್ಮನೆ ಕೈಚೆಲ್ಲುತ್ತಾ, ಗೊತ್ತಾಗುತ್ತೆ. ನಿಜವಾದ ಸರ್ವರನ್ನ ಬೇಕೆಂದಾಗ ಕೆಡಿಸೋಕೆ ನಮ್ಮ ಕೈಲಿ ಆಗಲ್ಲ.

ಆದರೆ ಹುಷಾರು. ಬರೀ ಮಾಕ್ ಎಲ್ಲದಕ್ಕೂ ಹೂಂ ಅನ್ನೋ ಸಾಕ್ಷಿ ಇದ್ದಹಾಗೆ. ಏನೂ ಹೇಳಿಕೊಡದೆ ಬಿಟ್ಟರೆ, 'ಉತ್ತರ ಓಕೆನಾ?' ಅಂತ ಇಫ್ ಹಾಕಿ ಕೇಳಿದರೂ ಹೌದು ಅಂತಲೇ ಲೆಕ್ಕ. ಇಲ್ಲದ ಹೆಸರು ಕರೆದರೂ ಸಾಮಾನ್ಯವಾಗಿ ಓಗೊಡುತ್ತೆ. ಹೊರಗಿನ ಕಂಪನಿ ನಾಳೆ ತನ್ನ ಉತ್ತರದ ರೂಪವನ್ನೇ ಬದಲಿಸಿದರೆ, ನಮ್ಮ ಟೆಸ್ಟ್ ನಿನ್ನೆಯ ಉತ್ತರವನ್ನೇ ಒಪ್ಪಿಸಿ ಹಸಿರು ತೋರಿಸ್ತಾ ಇರುತ್ತೆ. ಇತ್ತ ಒಂದು ಮೆಸೇಜೂ ಹೋಗಿರಲ್ಲ. ಅದರ ಬೆಲೆ ತೆರೋದು ಕೋಡ್ ಬರೆದವರಲ್ಲ, ಆಸ್ಪತ್ರೆ ವರಾಂಡದಲ್ಲಿ ಫೋನ್ ಹಿಡಿದು ಕೂತವರು.

ನಾವು ಮಾಡಿಕೊಂಡಿರೋ ವ್ಯವಸ್ಥೆ ಇಷ್ಟೇ. ಹೊರಗಿನ ಲೈಬ್ರರಿ ಇಡೀ ಕೋಡಲ್ಲಿ ಒಂದೇ ಕಡೆ, 'ಕಳಿಸು' ಅನ್ನೋ ನಮ್ಮದೇ ಒಂದು ಚಿಕ್ಕ ಫಂಕ್ಷನ್ ಒಳಗೆ ಇರುತ್ತೆ. ಉಳಿದ ಟೆಸ್ಟುಗಳು ಈ 'ಕಳಿಸು'ವನ್ನ ಆಟೋಸ್ಪೆಕ್ ಹಾಕಿ ಮಾಕ್ ಮಾಡ್ತವೆ. ಆಗ ನಂಬರ್, ಪಠ್ಯ ಎರಡೂ ಕೊಡಬೇಕಾದ ಕಡೆ ಒಂದನ್ನೇ ಕೊಟ್ಟರೆ ಮಾಕ್ ಕೂಡಾ ಜಗಳ ತೆಗೆಯುತ್ತೆ. 89ನೇ ದಿನದ ಗಂಡಸಿಗೆ ಕರೆ ಹೋಗಬಾರದು, 90ನೇ ದಿನದವನಿಗೆ ಒಂದೇ ಸಲ ಹೋಗಬೇಕು ಅಂತ ಪರೀಕ್ಷಿಸ್ತೀವಿ. ಇದರ ಜೊತೆಗೆ ದಿನಕ್ಕೊಂದು ಸಲ ಮಾಕ್ ಇಲ್ಲದ ಒಂದೇ ಒಂದು ಟೆಸ್ಟ್ ನಮ್ಮದೇ ಫೋನಿಗೆ ನಿಜವಾದ ಮೆಸೇಜ್ ಕಳಿಸುತ್ತೆ. ಅದು ಬರಲಿಲ್ಲ ಅಂದರೆ ಉಳಿದೆಲ್ಲ ಹಸಿರಾಗಿದ್ದರೂ ನಾವು ನಂಬಲ್ಲ.

ಇದನ್ನ ಕಲಿಯೋಕೆ ದೊಡ್ಡ ಕಾಲೇಜು ಬೇಕಿಲ್ಲ. ಹಳೇ ಲ್ಯಾಪ್‌ಟಾಪ್ ಸಾಕು. ಅದೂ ಇಲ್ಲದಿದ್ದರೆ ಭಾನುವಾರ ಬನ್ನಿ, ಹಂಚಿಕೊಂಡು ಕೂರೋಣ.

ಜೈ ಭೀಮ್.